ಅತ್ತೆಯವರ ಕಲ್ಲುತೊಟ್ಟಿ

ನಮ್ಮ ಅತ್ತೆಯವರಿಗೆ ಸೊಂಟ ಹಿಡಿದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ರಾಯಲ್ಪಾಡಿನ ಕಡೆಯಿಂದ ಮುಳಬಾಗಿಲಿಗೆ ಸೊಸೆಯಾಗಿ ಬಂದು ನನಗೆ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಕೋಲಾರದ ಡಾಕ್ಟರು ಎಕ್ಸ್‌ರೇ ನೋಡಿದರು, ಮಾತ್ರೆ ಬರೆದರು, ನಾವು ಎದ್ದು ಹೊರಡುವಾಗ, ದಿನಾ ಅರ್ಧ ಗಂಟೆ ಸೊಂಟ ಮುಳುಗುವಷ್ಟು ಬಿಸಿನೀರಿನಲ್ಲಿ ಕೂರಿಸಿ, ಮಾತ್ರೆಗಿಂತ ಅದೇ ಕೆಲಸ ಮಾಡುತ್ತದೆ ಎಂದರು. ಯಾವುದರಲ್ಲಿ ಕೂರಿಸಬೇಕು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ನಮ್ಮ ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ನಮ್ಮ ಮನೆಯಲ್ಲಿ ಸ್ನಾನವೆಂದರೆ ನೀರು ಹುಯ್ದುಕೊಳ್ಳುವುದು. ಒಲೆಗೆ ಸೇರಿಸಿ ಕೂರಿಸಿದ ತಾಮ್ರದ ಹಂಡೆ, ಒಂದು ಮಣೆ, ಒಂದು ಚೊಂಬು, ಅಷ್ಟೇ. ನೀರಿನೊಳಗೇ ಕೂರುವ ಮಾತು ಕೇಳಿ ಅತ್ತೆಯವರು ಮುಖ ಹಿಂಡಿದರು. "ಮೈಯಿಂದ ಇಳಿದ ನೀರಲ್ಲೇ ಕೂತ್ಕೊಂಡಿರೋದಾ? ಅದು ಎಮ್ಮೆ ಮಾಡೋ ಕೆಲಸ ಕಣೇ" ಎಂದರು. ಆಮೇಲೆ ತಾವೇ ಒಂದು ದಾರಿ ಕಂಡುಕೊಂಡರು: ಇಳಿಯುವ ಮುಂಚೆ ಒಂದು ಸ್ನಾನ, ಎದ್ದ ಮೇಲೆ ಇನ್ನೊಂದು ಸ್ನಾನ. ನೀರು ಸೇದುವವಳು ನಾನಾದ್ದರಿಂದ ಈ ದಾರಿ ಅವರಿಗೆ ಸಲೀಸಾಗಿಯೇ ಹೊಳೆಯಿತು.

ಅವರ ಮಡಿ ಎಂದರೆ ಮಡಿ. ಬೆಳಿಗ್ಗೆ ಮೈಮೇಲೆ ನೀರು ಬಿದ್ದ ಗಳಿಗೆಯಿಂದ ಊಟ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಸೊಂಟ ಹಿಡಿದ ಮೇಲೂ ಇದು ಸಡಿಲವಾಗಲಿಲ್ಲ. ಮಣೆಯಿಂದ ಏಳಲಾಗದೆ ಅವರು ನರಳುವುದು ಅಡಿಗೆಮನೆಗೆ ಕೇಳಿಸುತ್ತಿತ್ತು. ಬಚ್ಚಲ ಬಾಗಿಲ ಹತ್ತಿರ ಹೋದರೆ, "ಬರಬೇಡ, ಮಡೀಲಿದೀನಿ" ಎಂದು ಒಳಗಿನಿಂದಲೇ ತಡೆಯುತ್ತಿದ್ದರು. ನಾನು ಹೊರಗೆ ನಿಂತು ಅವರು ಗೋಡೆ ಹಿಡಿದು ಏಳುವವರೆಗೆ ಕಾಯುತ್ತಿದ್ದೆ. ಗಟ್ಟಿಮುಟ್ಟಾದ ಎರಡು ಕೈ ಇದ್ದೂ ನಾನು ಆ ಮನೆಯಲ್ಲಿ ದಂಡ ಅನ್ನಿಸುತ್ತಿತ್ತು. ಮುಟ್ಟಿ ಸಹಾಯ ಮಾಡುವ ಹಾಗಿಲ್ಲವೆಂದ ಮೇಲೆ ನೋವನ್ನಾದರೂ ಕಡಿಮೆ ಮಾಡೋಣವೆಂದು ತೊಟ್ಟಿಗಾಗಿ ಹಟ ಹಿಡಿದವಳು ನಾನೇ.

ಕೋಲಾರದ ಪಾತ್ರೆ ಅಂಗಡಿಯಲ್ಲಿ ದೊಡ್ಡದೊಂದು ಬೇಕು ಎಂದದ್ದಕ್ಕೆ ಅಂಗಡಿಯವನು ಮದುವೆ ಅಡಿಗೆಯ ಕೊಪ್ಪರಿಗೆಗಳನ್ನು ಉರುಳಿಸಿಕೊಂಡು ಬಂದ. ಎಷ್ಟು ಜನಕ್ಕೆ ಎಂದು ಕೇಳಿದ. ಒಬ್ಬರಿಗೆ ಎಂದೆ. ಅವನು ನಮ್ಮ ಯಜಮಾನರ ಕಡೆ ತಿರುಗಿ ಮತ್ತೆ ಅದನ್ನೇ ಕೇಳಿದ. ಅವರೂ ಒಬ್ಬರಿಗೆ ಎಂದರು. ಮನೆಗೆ ಬಂದು ಕೊಪ್ಪರಿಗೆಯ ವಿಷಯ ಹೇಳಿದರೆ, ನನ್ನನ್ನು ಬೇಯಿಸೋದಕ್ಕಾ ಎಂದು ಅತ್ತೆಯವರು ಎದ್ದು ಹೋದರು. ಶ್ರೀನಿವಾಸಪುರದಲ್ಲಿ ಒಬ್ಬ ಕಮ್ಮಾರ ಡಾಂಬರಿನ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಕೊಡುತ್ತೇನೆಂದ. ಅದರ ವಾಸನೆಗೆ ನನಗೇ ತಲೆ ಸುತ್ತಿತು. ಚಿನ್ನದ ಗಣಿಯ ಕಡೆ ಹಳೇ ಬಂಗಲೆಯ ಬಿಳೀ ತೊಟ್ಟಿಯೊಂದು ಮಾರಾಟಕ್ಕಿದೆ ಎಂದು ಯಾರೋ ಹೇಳಿದರು. ಹೋಗಿ ನೋಡಿದೆವು. ಕೆಳಗೆ ಹುಲಿಯ ಪಂಜದಂಥ ನಾಲ್ಕು ಕಾಲು, ಒಳಗೆ ಒಂದು ಕಡೆ ಹಳದಿ ಕಲೆ. ಯಾವ ದೊರೆ ಕೂತಿದ್ದನೋ, ಏನು ತಿಂದು ಕೂತಿದ್ದನೋ ಎಂದು ಅತ್ತೆಯವರು ಕೇಳುತ್ತಾರೆಂದು ನಮಗೆ ಅಲ್ಲೇ ಗೊತ್ತಾಯಿತು. ಸುಮ್ಮನೆ ವಾಪಸು ಬಂದೆವು.

ಕಲ್ಲಾದರೆ ಆಗಬಹುದು ಎಂದವರು ಕೊನೆಗೆ ಅತ್ತೆಯವರೇ. ಕಲ್ಲು ತೊಳೆದರೆ ಶುದ್ಧ, ಮೈಲಿಗೆ ಹಿಡಿಯುವುದಿಲ್ಲ. ಕಲ್ಲೆಂದ ಮೇಲೆ ಮಾಲೂರಿನ ಹತ್ತಿರದ ಶಿವಾರಪಟ್ಟಣ ಬಿಟ್ಟು ಇನ್ನೆಲ್ಲಿಗೆ ಹೋಗುವುದು? ಅಲ್ಲಿ ಅಂಗಳದ ತುಂಬ ಅರ್ಧ ಕೆತ್ತಿದ ದೇವರುಗಳು, ಎಲ್ಲಿ ಕಾಲಿಡುವುದೆಂದೇ ಗೊತ್ತಾಗಲಿಲ್ಲ. ತೊಟ್ಟಿ ಬೇಕು ಎಂದೆವು. ವಯಸ್ಸಾದ ಶಿಲ್ಪಿಯೊಬ್ಬರು ಉಳಿ ಕೆಳಗಿಟ್ಟು, "ದೇವ್ರು ನಿಂತಿರೋದಾ ಸ್ವಾಮಿ, ಕೂತಿರೋದಾ?" ಎಂದು ಕೇಳಿದರು.

"ಕೂತಿರೋದು. ದೇವ್ರಲ್ಲ, ನಮ್ಮಮ್ಮ" ಎಂದರು ನಮ್ಮ ಯಜಮಾನರು.

ಮನುಷ್ಯರು ಕೂರುವುದಕ್ಕೆ ಆ ಶಿಲ್ಪಿ ಯಾವತ್ತೂ ಏನನ್ನೂ ಕೆತ್ತಿರಲಿಲ್ಲ. ನಮಗೂ ಮಾಡಿಸಿ ಗೊತ್ತಿರಲಿಲ್ಲ. ಮೂವರೂ ಸ್ವಲ್ಪ ಹೊತ್ತು ಒಂದು ಗಣಪತಿಯ ಸೊಂಡಿಲನ್ನೇ ನೋಡುತ್ತ ನಿಂತೆವು. ನೀರು ಯಾವ ದಿಕ್ಕಿಗೆ ಹರಿಯಬೇಕು ಎಂದು ಶಿಲ್ಪಿ ಕೇಳಿದರು. ಹಿತ್ತಲಿನ ತೆಂಗಿನಮರ ಉತ್ತರಕ್ಕಿದೆ, ಉತ್ತರಕ್ಕೇ ಹರಿಯಲಿ ಎಂದೆ. ಅದು ಸರಿಯಾದ ಉತ್ತರವೆಂಬಂತೆ ಅವರು ತಲೆಯಾಡಿಸಿದರು. ಅಮ್ಮನವರ ಅಳತೆ ಕಳಿಸಿ ಎಂದರು.

ಅಳತೆ ತೆಗೆದವಳು ನಾನು, ಒಂದು ಸಂಜೆ, ಹೂ ಕಟ್ಟುವ ದಾರದಿಂದ. ಕೂತ್ಕೊಳ್ಳಿ ಎಂದದ್ದಕ್ಕೆ ಅತ್ತೆಯವರು ಪೂಜೆಗೆ ಕೂರುವ ಹಾಗೆ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತರು. ಕೂರುವುದೆಂದರೆ ನಮಗೆ ಗೊತ್ತಿದ್ದದ್ದೇ ಅದು. ಮಂಡಿಯಿಂದ ಮಂಡಿಗೆ ಅಳೆದೆ, ನೆಲದಿಂದ ಎದೆಯವರೆಗೆ ಅಳೆದೆ. ನೀರು ತುಳುಕಬಾರದು, ಇನ್ನೊಂದು ಗೇಣು ಎತ್ತರ ಇರಲಿ ಎಂದು ನಮ್ಮ ಯಜಮಾನರು ಸೇರಿಸಿದರು. ಅದರೊಳಗೆ ಇಳಿಯುವುದು ಹೇಗೆ, ಏಳುವುದು ಹೇಗೆ ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ತೊಟ್ಟಿ ಬಂದದ್ದು ಲಾರಿಯಲ್ಲಿ, ಒಣಹುಲ್ಲು ಸುತ್ತಿಕೊಂಡು. ಶಿವಾರಪಟ್ಟಣದಿಂದ ಹುಲ್ಲು ಸುತ್ತಿಕೊಂಡು ಬರುವುದೇನು ಎಂಬುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು: ದೇವರು. ಆಳುಗಳು ಬೊಂಬು ಕೊಟ್ಟು ಇಳಿಸುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ಹುಲ್ಲು ಬಿಚ್ಚಿದರೆ ಅಂಚಿನ ಸುತ್ತ ಕಮಲದ ದಳ, ನೀರು ಹೋಗುವ ಕಡೆ ಹಸುವಿನ ಮುಖ. ಶಿಲ್ಪಿಯ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತ್ತು. ಪೀಠ ಬಂತು, ದೇವರು ಹಿಂದೆ ಬರುತ್ತಿರಬೇಕು ಎಂದು ಜನ ಮಾತಾಡಿಕೊಂಡರು. ಇದು ಸ್ನಾನಕ್ಕೆ ಎಂದು ನಾನು ಹೇಳಿದೆ. ಅಭಿಷೇಕವೂ ಸ್ನಾನವೇ ಅಲ್ಲವೇ ಎಂದು ಎದುರುಮನೆಯವರು ಕುಂಕುಮ ಹಚ್ಚಿಯೇಬಿಟ್ಟರು. ಇನ್ನೊಬ್ಬರು ಆರತಿ ಎತ್ತಿದರು. ಯಾರೋ ತೆಂಗಿನಕಾಯಿ ಒಡೆದರು, ನನ್ನ ಕೈಗೂ ಒಂದು ಹೋಳು ಬಂತು. ಅದನ್ನು ತಿನ್ನಬೇಕೋ ವಾಪಸು ಕೊಡಬೇಕೋ ತಿಳಿಯದೆ ಸೆರಗಿನಲ್ಲಿ ಕಟ್ಟಿಕೊಂಡೆ.

ಅತ್ತೆಯವರು ಕಂಬ ಹಿಡಿದು ಹೊರಗೆ ಬಂದರು, ಕುಂಕುಮ ನೋಡಿದರು, ಕೈ ಮುಗಿದರು. "ಪೂಜೆ ಆದ ಕಲ್ಲಿಗೆ ನಾನು ಕಾಲಿಡಲ್ಲ" ಎಂದು ಒಳಗೆ ಹೋದರು. ಮುಗಿಯಿತು.

ಬಚ್ಚಲ ಬಾಗಿಲಿನಲ್ಲಿ ಅದು ಹೇಗೂ ಹಿಡಿಯಲಿಲ್ಲ. ಹಿತ್ತಲಿನಲ್ಲಿ ತೆಂಗಿನಮರದ ಹತ್ತಿರ ಇಳಿಸಿ, ಸುತ್ತ ಗರಿಯ ತಡಿಕೆ ಕಟ್ಟಿದೆವು. ಶುಕ್ರವಾರ ಯಾರಾದರೂ ಬಂದು ಅದರ ಮುಂದೆ ದೀಪ ಹಚ್ಚಿ ಹೋಗುವರು. ಮಳೆನೀರು ನಿಂತರೆ ಗೊರವಂಕ ಬಂದು ಮೀಯುತ್ತಿತ್ತು. ಅದಕ್ಕೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ದೇವರಲ್ಲದ್ದು ದೇವರಾದದ್ದು ಯಾವಾಗ, ಕುಂಕುಮ ಹಚ್ಚಿದಾಗಲೋ, ಅತ್ತೆಯವರು ಕೈ ಮುಗಿದಾಗಲೋ ಎಂದು ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟುಹೋಯಿತು. ಕೆಲವು ದಿನ ಅದರ ಮುಂದೆ ಹಾದುಹೋಗುವಾಗ ನನ್ನ ಕೈಯೂ ತಾನಾಗಿ ಮುಗಿಯುತ್ತಿತ್ತು, ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆಯವರು ಬಚ್ಚಲಿನಲ್ಲಿ ಅತ್ತದ್ದು ಕೇಳಿಸಿತು. ನರಳಿದ್ದಲ್ಲ, ಅತ್ತದ್ದು. ಬಾಗಿಲು ತಟ್ಟಿದೆ. ಬರಬೇಡ ಎಂದರು. ಬಹಳ ಹೊತ್ತಾದ ಮೇಲೆ ಒದ್ದೆ ಸೀರೆಯಲ್ಲಿ, ಗೋಡೆಗೆ ಒರಗಿಕೊಂಡೇ ಹೊರಗೆ ಬಂದರು. ನನ್ನ ಮುಖ ನೋಡಲಿಲ್ಲ.

ಆವತ್ತು ನನಗೆ ಎಲ್ಲಿತ್ತೋ ರೋಷ. ಊಟವಾದ ಮೇಲೆ ಹಿಪ್ಪುನೇರಳೆ ಕಡ್ಡಿಯ ಹೊರೆಯನ್ನೇ ಹಂಡೆಯ ಒಲೆಗೆ ತುರುಕಿದೆ. ಕೊಡದಲ್ಲಿ ಹೊತ್ತು ಹೊತ್ತು ತೊಟ್ಟಿಗೆ ಸುರಿದೆ. ಮೊದಲ ನೀರಿನ ಬಿಸಿಯನ್ನೆಲ್ಲ ಕಲ್ಲೇ ಕುಡಿಯಿತು. ಮತ್ತೆ ಕಾಯಿಸಿದೆ, ಮತ್ತೆ ಸುರಿದೆ. ಕಮಲದ ದಳಕ್ಕೆ ಅಂಟಿದ್ದ ಕುಂಕುಮವನ್ನು ಉಜ್ಜಿ ತೊಳೆದೆ. ಆಮೇಲೆ ಸೀರೆ ಎತ್ತಿಕಟ್ಟಿ, ಒಳಗೆ ಇಳಿದು ಕೂತೇಬಿಟ್ಟೆ. ಎದೆಯವರೆಗೆ ನೀರು ಬಂತು. ಭಯವೂ ಆಯಿತು, ಹಾಯೆನ್ನಿಸಿತು ಕೂಡ.

ತಡಿಕೆ ಸರಿಸಿ ಅತ್ತೆಯವರು ನಿಂತಿದ್ದರು. ಸಿಟ್ಟು ಬಂದಾಗ ನನ್ನ ಬಾಯಲ್ಲಿ ತವರಿನ ತೆಲುಗೇ ಬರುವುದು. "ಇದಿ ದೇವುಡು ಕಾದತ್ತಾ, ತೊಟ್ಟಿ" ಎಂದೆ. ಇದು ದೇವರಲ್ಲ ಅತ್ತೆ, ತೊಟ್ಟಿ ಎಂದು ಹೇಳುವಾಗ ಅಳು ಬಂದುಬಿಟ್ಟಿತು. ಅವರು ಬೈಯುತ್ತಾರೆಂದು ಕಾದೆ. ಅವರು ನೀರಿನಿಂದ ಏಳುತ್ತಿದ್ದ ಹಬೆಯನ್ನು ನೋಡುತ್ತ ನಿಂತರು.

"ಬಿಸಿ ತಡೀತದಾ?" ಎಂದು ಕೇಳಿದರು.

ತಡೀತದೆ ಎಂದೆ.

"ಆ ನೀರು ಬಿಡು. ನಾಳೆ ಬೆಳಿಗ್ಗೆ ನನಗೆ ತುಂಬು."

ಮರುದಿನ ಸ್ಟೂಲು ಹತ್ತಿ, ಅಂಚು ಹಿಡಿದು ತಾವೇ ಇಳಿದರು. ನಾನು ತಡಿಕೆಯಾಚೆ ನಿಂತೆ. ಮೊದಲು ಏನೂ ಸದ್ದಿರಲಿಲ್ಲ. ಆಮೇಲೆ ಒಂದು ದೀರ್ಘವಾದ ಉಸಿರು ಕೇಳಿತು, ಆಮೇಲೆ ಮೆಲ್ಲಗೆ ಅವರ ಸ್ತೋತ್ರ. ನಾನು ಮೊದಲ ಸಲ ನೆಮ್ಮದಿಯಿಂದ ನಿಂತಿದ್ದೆ. ಸ್ತೋತ್ರ ಮುಗಿಯಿತು. ನೀರು ಕಲಕಿದ ಸದ್ದು ಬಂತು, ನಿಂತಿತು, ಮತ್ತೆ ಬಂತು. ಅಷ್ಟು ಆಳದಿಂದ, ಕಾಲು ಮಡಿಸಿ ಕೂತವರು ಏಳುವುದು ಹೇಗೆ? ನನ್ನ ದಾರದ ಅಳತೆಯ ತಪ್ಪು ನನಗೆ ಆಗ ಅರ್ಥವಾಯಿತು.

"ಅಲ್ಲೇ ಇದೀಯಾ?" ಎಂದರು.

"ಇದೀನಿ. ಮಡೀಲಿದೀರಲ್ಲ" ಎಂದೆ.

ನೀರು ಇನ್ನೊಮ್ಮೆ ಕಲಕಿತು. "ಬಾ, ಕೈ ಹಿಡ್ಕೋ" ಎಂದರು.

ತಡಿಕೆ ಸರಿಸಿ ಒಳಗೆ ಹೋದೆ. ಎರಡು ಕೈಯನ್ನೂ ನನ್ನ ಕಡೆ ಚಾಚಿದ್ದರು. ಎಲ್ಲಿ ಹಿಡಿಯಬೇಕು, ಎಷ್ಟು ಗಟ್ಟಿ ಹಿಡಿಯಬೇಕು ಎಂದು ಗೊತ್ತಾಗದೆ ಮೊದಲು ಬೆರಳುಗಳನ್ನಷ್ಟೇ ಹಿಡಿದೆ. ಅವರೇ ನನ್ನ ಮೊಣಕೈವರೆಗೆ ಹಿಡಿದುಕೊಂಡು, ಪೂರ್ತಿ ಭಾರ ಬಿಟ್ಟು ಎದ್ದರು. ಎದ್ದ ಮೇಲಿನ ಸ್ನಾನಕ್ಕೆಂದು ಹಂಡೆಯಲ್ಲಿ ಬೇರೆ ನೀರು ತೆಗೆದಿಟ್ಟಿದ್ದೆ; ನನ್ನನ್ನು ಮುಟ್ಟಿದ ಮೇಲಂತೂ ಅದು ಬೇಕೇ ಬೇಕಿತ್ತು. ಅವರು ಒದ್ದೆ ಸೀರೆ ಬದಲಿಸಿ, ನೇರವಾಗಿ ದೇವರ ಮುಂದೆ ಹೋಗಿ ಕೂತು, ಹೂ ತಾ ಎಂದು ಕರೆದರು. ಆ ಸ್ನಾನವನ್ನು ಮರೆತರೋ, ಬೇಕೆಂದೇ ಬಿಟ್ಟರೋ, ನನಗೆ ಇವತ್ತಿಗೂ ತಿಳಿಯದು. ನಾನು ಕೇಳಲಿಲ್ಲ. ಹೂ ತೆಗೆದುಕೊಂಡು ಹೋಗಿ ಅವರ ಕೈಗೇ ಕೊಟ್ಟೆ.