ಡ್ರಮ್ಮಿನೊಳಗಿನ ಕಂಬಳಿ

ನನ್ನ ವಾದ ಸರಿಯಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತಿಗೂ ಸರಿಯೇ. ಕಂಬಳಿ ಎಂದರೆ ಕುರಿಯ ಕೂದಲು. ಕತ್ತರಿಸಿ, ನೂತು, ನೇಯ್ದದ್ದು. ಅದರಲ್ಲಿ ದೇವರಿದ್ದಾನೆ ಎನ್ನುವವರು ತೋರಿಸಬೇಕೇ ಹೊರತು ಇಲ್ಲ ಎನ್ನುವವನಲ್ಲ. ಸೇಲಂ ಕಾಲೇಜಿನ ತಮಿಳು ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ನಾನು ಕಲಿತದ್ದು ಅಷ್ಟೇ: ಸಾಬೀತು ಮಾಡುವ ಭಾರವನ್ನು ಎದುರಾಳಿಯ ತಲೆಗೆ ಕಟ್ಟು.

ಧರ್ಮಪುರಿ ಸೀಮೆಯಲ್ಲಿ ಕುರಿ ಸಾಕುವ ನಮ್ಮ ಕನ್ನಡದ ಮನೆಗಳಲ್ಲಿ ಮದುವೆಯ ಬೆಳಿಗ್ಗೆ ಕರಿ ಕಂಬಳಿ ಹಾಸಿ, ನಾಲ್ಕು ಮೂಲೆಗೂ ಭಂಡಾರದ ಅರಿಶಿನ ಚೆಲ್ಲಿ ಗದ್ದಿಗೆ ಮಾಡುತ್ತಾರೆ. ಹೆಣ್ಣು ಗಂಡು ಅದರ ಮೇಲೆ ಕೂತ ಮೇಲೆಯೇ ತಾಳಿ. ಒದೆ ಬಿದ್ದ ಕಂಬಳಿ ಮತ್ತೆ ಗದ್ದಿಗೆಗೆ ಬರುವುದಿಲ್ಲ. ನಮ್ಮ ನೆಂಟರಿಷ್ಟರಿಗೆಲ್ಲ ಸೇರಿ ಇದ್ದ ಒಂದೇ ಕಂಬಳಿಯೂ ಅದನ್ನು ಹಾಸುವ ಕೆಲಸವೂ ತಾತನಿಂದ ಅಪ್ಪನಿಗೆ ಬಂದಿದ್ದವು. ವರ್ಷವಿಡೀ ಕುರಿಯ ಹಿಂದೆ ಅಲೆಯುವ ಅಪ್ಪನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಮದುವೆಯ ದಿನ ಮಾತ್ರ, ಲಾರಿ ಇಟ್ಟವರೂ ಬೋರ್‌ವೆಲ್ ಗಾಡಿ ಇಟ್ಟವರೂ ಅವನಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು.

ಕಡಯಂಪಟ್ಟಿಯ ಮಂಡಪದಲ್ಲಿ ದೊಡ್ಡಪ್ಪನ ಮಗಳ ಮದುವೆ. ದೊಡ್ಡಪ್ಪ ಎಂದರೆ ಅಪ್ಪನ ದಾಯಾದಿ ಅಣ್ಣ, ಎರಡು ಬೋರ್‌ವೆಲ್ ಗಾಡಿಗಳ ಯಜಮಾನ. ಹಿಂದಿನ ಸಂಜೆ ರಿಸೆಪ್ಷನ್‌ಗೆ ಸೇಲಂನ ಬ್ಯಾಂಡು. ಅದಕ್ಕೆ ಸೌಂಡು ನನ್ನದು. ಬೆಳಿಗ್ಗೆ ಗದ್ದಿಗೆ ಅಪ್ಪನದು. ವೀಡಿಯೋದಲ್ಲಿ ಕಪ್ಪಗೆ ಕಾಣುತ್ತದೆ, ಬೇಡ ಎಂದಿದ್ದ ದೊಡ್ಡಪ್ಪನನ್ನು ಅಪ್ಪ ಮೂರು ಸಲ ಹೋಗಿ ಒಪ್ಪಿಸಿ ಬಂದಿದ್ದ. ನನ್ನ ವ್ಯಾನು ತೊಪ್ಪೂರು ಕಣಿವೆ ಇಳಿಯುವಾಗ ಕಂಬಳಿಯ ಚೀಲ ಅವನ ತೊಡೆಯ ಮೇಲಿತ್ತು.

"ಈ ಮದ್ವೇಲಿ ಬುಟ್ಟೋದ್ರೆ ಇನ್ಯಾರೂ ಹಾಸಾಕಿಲ್ಲ ಕಣ್ಲಾ," ಎಂದ. "ನನ್ನ ಯಾರೂ ಕರ್ಯಾಕೂ ಇಲ್ಲ."

"ಕರೀದಿದ್ರೆ ಬುಡು, ಬಸ್ ಚಾರ್ಜ್ ಉಳೀತೈತೆ," ಎಂದು ನಕ್ಕೆ.

ಮಧ್ಯಾಹ್ನ ಬ್ಯಾಂಡಿನವರು ಒಬ್ಬೊಬ್ಬರಾಗಿ ನುಡಿಸಿ ತೋರಿಸುತ್ತಿದ್ದರು, ನಾನು ಮಿಕ್ಸರಿನಲ್ಲಿ ಹದ ಮಾಡುತ್ತಿದ್ದೆ. ತಗಡಿನ ಮಾಡು, ಟೈಲ್ಸಿನ ಗೋಡೆ. ಪೆಡಲ್ ತುಳಿದು ಬಾರಿಸುವ ದೊಡ್ಡ ಡ್ರಮ್ಮು 'ಬೋಂಯ್' ಎಂದು ಇಡೀ ಮಂಡಪದಲ್ಲಿ ಉರುಳಾಡುತ್ತಿತ್ತು. ಆ ಅನುರಣನ ಹೀರಲು ಡ್ರಮ್ಮಿನೊಳಗೆ ಏನಾದರೂ ತುರುಕಬೇಕು. ನಾನು ತುರುಕುತ್ತಿದ್ದ ಹಳೆ ದಿಂಬನ್ನು ಏರ್ಕಾಡಿನ ಹಿಂದಿನ ಕಾರ್ಯಕ್ರಮದಲ್ಲಿ ಮರೆತು ಬಂದಿದ್ದೆ. ಮಂಡಪದ ಕೋಣೆಗಳಲ್ಲಿ ದಿಂಬುಗಳಿದ್ದವು. ಕೇಳಬಹುದಿತ್ತು. ಅಪ್ಪ ನನ್ನ ಸಾಮಾನಿನ ಜೊತೆ ಇಟ್ಟುಹೋದ ಕಂಬಳಿ ಹತ್ತಿರದಲ್ಲಿತ್ತು.

ಮಡಚಿ ಒಳಗಿಟ್ಟೆ. ಡ್ರಮ್ಮರ್ ಒಮ್ಮೆ ತುಳಿದ. 'ದಬ್!' ಎದೆಗೆ ಗುದ್ದಿದ ಹಾಗೆ, ಗುದ್ದಿ ಅಲ್ಲೇ ನಿಂತ ಹಾಗೆ. ದಿಂಬಿಗೆ ಈ ಯೋಗ್ಯತೆ ಇರಲಿಲ್ಲ.

"ತಂಬಿ, ಸೂಪರ್ ಪಾ!" ಎಂದ ಡ್ರಮ್ಮರ್.

ಅಷ್ಟರಲ್ಲಿ ಅಪ್ಪ ನನಗೆಂದು ಪೇಪರ್ ಕಪ್ಪಿನಲ್ಲಿ ಟೀ ಹಿಡಿದು ಬಂದ. ಡ್ರಮ್ಮಿನ ತೂತಿನಿಂದ ಕರಿ ಅಂಚು ಇಣುಕುತ್ತಿತ್ತು.

"ಅದ್ಯಾಕ್ಲಾ ಅಲ್ಲೈತೆ?"

"ಸೌಂಡಿಗೆ ಕಣಪ್ಪಾ."

"ಒದೀತವ್ನಲ್ಲೋ ಅದ್ನ!"

"ಅವ್ನು ತುಳ್ಯೋದು ಪೆಡಲ್ನ. ಪೆಡಲ್ ಒಡ್ಯೋದು ಡ್ರಮ್ಮಿಗೆ. ಕಂಬ್ಳಿಗೆ ಕಾಲೆಲ್ಲಿ ತಾಕ್ತು?"

"ಈಚೆಗ್ ತೆಗಿ ಮಗ," ಎಂದ, ಬೇರೆಯವರಿಗೆ ಕೇಳಿಸದ ಹಾಗೆ.

ಬ್ಯಾಂಡಿನವರು ನೋಡುತ್ತಿದ್ದರು. ನಾನು ತಮಿಳಿಗೆ ಹೊರಳಿದೆ. ಅಪ್ಪನ ಜೊತೆ ನಾನು ತಮಿಳು ಮಾತಾಡಿದವನಲ್ಲ. ಅದು ಅಪ್ಪನಿಗೆ ಆಡಿದ ಮಾತಲ್ಲ, ಸಭೆಗೆ ಆಡಿದ್ದು. "ಇದು ವೆರುಂ ಆಟ್ಟು ರೋಮಂ. ಇದುಲ ಸಾಮಿ ಎಂಗೆ ಇರುಕ್ಕು? ಕಾಟ್ಟುಂಗ!" ಬರೀ ಕುರಿಯ ಕೂದಲು, ದೇವರೆಲ್ಲಿದ್ದಾನೆ ತೋರಿಸಿ ಎಂದೆ. ಮಳೆಯಲ್ಲಿ ಇದನ್ನೇ ಹೊದ್ದು ಕುರಿ ಮೇಯಿಸುವಾಗ ದೇವರಿಗೆ ನೆಗಡಿಯಾಗುವುದಿಲ್ಲವೇ ಎಂದೆ. ಡ್ರಮ್ಮರ್ ನಕ್ಕ. ಪಕ್ಕದ ಊಟದ ಹಾಲಿನಿಂದಲೂ ನಗು ಬಂತು.

ನನ್ನ ಮುಂದಿದ್ದ ಗಾಯಕನ ಮೈಕು ತೆರೆದೇ ಇತ್ತು. ಮ್ಯೂಟ್ ಮಾಡಲು ಮರೆತೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಮ್ಯೂಟ್ ಒತ್ತಿದರೆ ಮಿಕ್ಸರಿನಲ್ಲಿ ಕೆಂಪು ದೀಪ ಹತ್ತುತ್ತದೆ, ಹತ್ತಿರಲಿಲ್ಲ. ಎರಡನೇ ವಾಕ್ಯಕ್ಕೇ ನನ್ನ ದನಿ ಗೋಡೆಗೆ ಬಡಿದು ವಾಪಸು ಬಂದದ್ದು ನನಗೆ ಕೇಳಿಸಿತ್ತು. ಮೂರನೆಯದನ್ನು ಇನ್ನೂ ಸ್ಪಷ್ಟವಾಗಿ ಹೇಳಿದೆ.

ಅಪ್ಪ ಟೀಯನ್ನು ಸ್ಪೀಕರ್ ಡಬ್ಬದ ಮೇಲಿಟ್ಟು ಹೋದ.

ಸಂಜೆಯ ಕಾರ್ಯಕ್ರಮ ಜೋರಾಗಿಯೇ ನಡೆಯಿತು. ಮುಗಿದ ಮೇಲೆ ಕಂಬಳಿಯನ್ನು ಕೊಡವಿ, ಮಡಚಿ, ಚೀಲಕ್ಕೆ ಹಾಕಿಟ್ಟೆ. ನನ್ನ ಲೆಕ್ಕದಲ್ಲಿ ಮಾತು ಅಲ್ಲಿಗೆ ಮುಗಿದಿತ್ತು.

ಬೆಳಿಗ್ಗೆ ಅಪ್ಪ ಒಗೆದ ಪಂಚೆ ಉಟ್ಟು, ಸೊಂಟಕ್ಕೆ ಭಂಡಾರದ ಚೀಲ ಸಿಕ್ಕಿಸಿಕೊಂಡು ಕಂಬಳಿಯೊಂದಿಗೆ ವೇದಿಕೆಗೆ ಬಂದ. ಅಲ್ಲಿ ಕೆಂಪು ಕಾರ್ಪೆಟ್ ಹಾಸಿಯಾಗಿತ್ತು. ದೊಡ್ಡಪ್ಪ ಅಡ್ಡ ಬಂದ.

"ಬುಡ್ಲಾ ತಮ್ಮ, ಸಾಕು. ಸಂಜೆಯೆಲ್ಲ ಒದೆ ತಿಂದ ಕಂಬ್ಳಿ ಅದು."

"ಕಾಲ್ ತಾಕಿಲ್ವಂತೆ ಅಣ್ಣ. ಮಗ ಯೋಳ್ದ."

ನನ್ನ ವಾದವನ್ನೇ ಹಿಡಿದುಕೊಂಡು ನಿಂತಿದ್ದ, ಅಪ್ಪ.

"ನಿನ್ ಮಗ ಮೈಕ್ನಾಗೆ ಇನ್ನೂ ಏನೇನೋ ಯೋಳ್ದ. ವೆರುಂ ರೋಮಂ ಅಂತ. ಓದಿರೋನು, ಸರಿಯಾಗೇ ಯೋಳವ್ನೆ. ಓಗು, ಟಿಫನ್ ಮಾಡೋಗು."

ಒದೆ ಬಿದ್ದು ಮೈಲಿಗೆಯಾಯಿತು ಎನ್ನುವುದಾದರೆ ಅದು ಬರೀ ಕೂದಲಲ್ಲ. ಬರೀ ಕೂದಲು ಎನ್ನುವುದಾದರೆ ಮೈಲಿಗೆ ಎಲ್ಲಿಂದ ಬಂತು? ಒಂದರ ಕುತ್ತಿಗೆಯನ್ನು ಇನ್ನೊಂದು ಹಿಸುಕುವ ಎರಡು ಮಾತು. ಸ್ಪರ್ಧೆಯಾಗಿದ್ದರೆ ಅರ್ಧ ನಿಮಿಷ ಸಾಕಿತ್ತು ನನಗೆ. ಹತ್ತು ಹೆಜ್ಜೆ ದೂರದಲ್ಲಿ ಕೂತು ಕೇಬಲ್ ಸುತ್ತುತ್ತಿದ್ದೆ. ಅಪ್ಪ ನನ್ನ ಕಡೆ ತಿರುಗಿ ನೋಡಿದ. ಸುತ್ತುತ್ತಲೇ ಇದ್ದೆ.

ಅಪ್ಪ ಟಿಫನ್ ಮಾಡಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ತಾಳಿ ಕಟ್ಟುವುದನ್ನು ನೋಡಿದ.

ವಾಪಸಾಗುವಾಗ ಊರ ಮುಂದೆ ವ್ಯಾನು ನಿಲ್ಲಿಸಿದೆ. ಅವನು ಬರಿಗೈಯಲ್ಲಿ ಇಳಿದ.

"ಯಪ್ಪಾ, ಕಂಬ್ಳಿ."

"ಇಟ್ಕ. ನಿನ್ ಸೌಂಡಿಗೆ ಬೇಕಲ್ಲ."

ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನ್ನ ಹತ್ತಿರ ಉತ್ತರವಿತ್ತು.

ಆಮೇಲೆ ನಮ್ಮವರಲ್ಲಿ ಎರಡು ಮದುವೆಯಾದವು. ಎರಡರಲ್ಲೂ ಗದ್ದಿಗೆ ಹಾಸಲಿಲ್ಲ, ಎರಡಕ್ಕೂ ಅಪ್ಪ ಬರಲಿಲ್ಲ, ಎರಡರಲ್ಲೂ ಸೌಂಡು ನನ್ನದೇ. ಕಂಬಳಿ ಈಗ ಡ್ರಮ್ಮಿನ ಅಳತೆಗೆ ಬಾಗಿಹೋಗಿದೆ. ಧರ್ಮಪುರಿಯಿಂದ, ಸೇಲಂನಿಂದ ಬರುವ ಡ್ರಮ್ಮರುಗಳು ಒಮ್ಮೆ ತುಳಿದು ನೋಡಿ, ಒಳಗೇನಿಟ್ಟಿದ್ದೀಯ ಎಂದು ಕೇಳುತ್ತಾರೆ. ಬರೀ ಕುರಿಯ ಕೂದಲು ಎನ್ನುತ್ತೇನೆ. ಯಾರೂ ಎದುರು ವಾದಿಸುವುದಿಲ್ಲ.