ಹಸಿರು ಮಣಿ

ವಿವರಿಸಲಾಗದ ಘಟನೆ ಎಂಬುದೇ ಇಲ್ಲ, ಸರಿಯಾಗಿ ವಿಚಾರಿಸದವರು ಇರುತ್ತಾರೆ ಅಷ್ಟೇ ಎಂದು ನಾನು ವಾದಿಸುತ್ತಿದ್ದೆ. ಮೂರು ವರ್ಷದ ಹಿಂದೆ ನಡೆದ ಈ ಸಂಗತಿಯನ್ನು ಮಾತ್ರ ಎಷ್ಟು ವಿಚಾರಿಸಿದರೂ ಬಗೆಹರಿಯುತ್ತಿಲ್ಲ.

ಸೂಲೂರಿನ ಬಳಿ ಇರುವ ನನ್ನ ಚಿಕ್ಕಪ್ಪ ಇನ್ನೂ ಕೈಮಗ್ಗ ಬಿಟ್ಟಿಲ್ಲ. ಆಗ ಅವರಿಗೆ ಎಂಟು ತಿಂಗಳಿಂದ ಕೆಮ್ಮಿತ್ತು. ಆಸ್ತಮಾ ಎಂದು ಔಷಧ ಕೊಟ್ಟರು. ಆಮೇಲೆ ಎರಡು ಸಲ ನ್ಯುಮೋನಿಯಾ, ಎರಡು ಸಲವೂ ಬಲ ಶ್ವಾಸಕೋಶದ ಅದೇ ಜಾಗದಲ್ಲಿ. ಕೊಯಮತ್ತೂರಿನ ಡಾಕ್ಟರು ಸ್ಕ್ಯಾನ್ ನೋಡಿ, ಶ್ವಾಸನಾಳದಲ್ಲಿ ಏನೋ ಸಿಕ್ಕಿಕೊಂಡಿದೆ ಎಂದರು. ಕೆಲಸದಲ್ಲಿ ಬಾಯಿಗೆ ಏನಾದರೂ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು.

“ಲಾಳಿ ಸಾರ್,” ಎಂದರು ಚಿಕ್ಕಪ್ಪ.

ನೂಲು ಹೊತ್ತು ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯಲ್ಲಿ ತೂತಿರುವ ಸಣ್ಣ ಪಿಂಗಾಣಿ ಮಣಿಯೊಂದು ಇರುತ್ತದೆ. ಅದಕ್ಕೆ ತುಟಿಯಿಟ್ಟು ಜೋರಾಗಿ ಉಸಿರೆಳೆದರೆ ನೂಲು ಹೊರಬರುತ್ತದೆ. ನಮ್ಮವರೆಲ್ಲ ಹಾಗೇ ಮಾಡುವುದು.

ಗಂಟಲಿನೊಳಗೆ ನಳಿಕೆ ಇಳಿಸಿದಾಗ ನಾನು ಗಾಜಿನ ಈಚೆ ನಿಂತಿದ್ದೆ. ಇಕ್ಕಳ ಒಳಗೆ ಸಿಕ್ಕಿಕೊಂಡದ್ದನ್ನು ಹಿಡಿದು ಮೇಲಕ್ಕೆ ತಂದಿತು. ಗಂಟಲ ಹತ್ತಿರ ಅದು ಜಾರಿ ಅಡ್ಡ ನಿಂತಿತು. ಯಂತ್ರ ಕೂಗತೊಡಗಿತು. ಚಿಕ್ಕಪ್ಪನ ಬೆರಳ ತುದಿಗಳು ನೀಲಿಯಾದವು. ಡಾಕ್ಟರು ಅದನ್ನು ಮತ್ತೆ ಒಳಕ್ಕೇ ತಳ್ಳಿಬಿಟ್ಟರು! ನಾನು ಕಿರುಚಿದೆ. ಹಾಗೆ ತಳ್ಳಿದ್ದರಿಂದಲೇ ಇನ್ನೊಂದು ಶ್ವಾಸಕೋಶಕ್ಕೆ ಗಾಳಿ ಹೋಗಿ ಜೀವ ಉಳಿಯಿತೆಂದು ಆಮೇಲೆ ತಿಳಿಯಿತು. ಎರಡನೆಯ ಸಲ ಸಣ್ಣ ಬಲೆಯಂಥದ್ದನ್ನು ಇಳಿಸಿ ಎಳೆದರು. ರಕ್ತ ಒರೆಸಿದಾಗ ಕಂಡದ್ದು ಹಸಿರು ಮಣಿ.

ಹೊರಗೆ ಬಂದು ಚಿಕ್ಕಮ್ಮನಿಗೆ ಫೋನ್ ಮಾಡಿದೆ. “ತೆಗೆದಾಯ್ತು ಚಿಕ್ಕಮ್ಮ” ಎಂದೆ, ಅಷ್ಟೇ.

“ಅಪ್ಪಾಡಾ! ಹಸಿರುದು ತಾನೇ ಸಾಮಿ?” ಎಂದಳು.

ಚಿಕ್ಕಪ್ಪನ ಲಾಳಿಗಳ ಮಣಿಗಳೆಲ್ಲ ಬಿಳಿ. ಮರುದಿನ ಒಂದೊಂದನ್ನೂ ಎತ್ತಿ ನೋಡಿದೆ, ಒಂದೂ ಉದುರಿರಲಿಲ್ಲ. ಇನ್ನೊಬ್ಬರ ಲಾಳಿಗೆ ಅವರು ಬಾಯಿ ಇಡುವವರಲ್ಲ. ಎಂದೋ ಹಳೆಯ ಕಾಲದ್ದಿರಬಹುದು ಎಂದರು ಡಾಕ್ಟರು. ಇರಬಹುದು. ಚಿಕ್ಕಪ್ಪ ಮನೆಗೆ ಬಂದ ಮೇಲೆ, ಬಣ್ಣ ಹೇಗೆ ಗೊತ್ತಾಯಿತೆಂದು ಚಿಕ್ಕಮ್ಮನನ್ನೇ ಕೇಳಿದೆ.

“ಬಾಯಿಗೆ ಬಂತು, ಅಂದೆ. ಕಾಲೇಜು ಓದಿದ್ದು ಪೊಲೀಸ್ ಆಗೋದಕ್ಕಾ? ಕಾಫಿ ಕುಡಿ ಮೊದ್ಲು,” ಎಂದು ನಕ್ಕಳು. ಚಿಕ್ಕಪ್ಪನೂ ನಕ್ಕರು. ಕೆಮ್ಮು ಬರಲಿಲ್ಲ.

ಎಂಟು ತಿಂಗಳು ಅವರ ಬೆನ್ನು ನೀವುತ್ತ ಕೂತವಳು ಅವಳೇ. ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಅವಳು ಚಿಕ್ಕಪ್ಪನ ಕೈಗೆ ಲೋಟ ಕೊಟ್ಟಾಗಲೆಲ್ಲ, ಅವರು ಕೊನೆಯ ಗುಟುಕು ನುಂಗಿ ಮತ್ತೆ ಮಾತಾಡುವವರೆಗೂ ನಾನು ಅವರ ಗಂಟಲನ್ನೇ ನೋಡುತ್ತಿರುತ್ತೇನೆ.