ಬಾರ್ನಿ ಥರ್ಲೋ ಮತ್ತು ಎರಡು ತಲೆಯ ಗೊದಮೊಟ್ಟೆಗಳು

ಬಾರ್ನಿ ಥರ್ಲೋ ತನ್ನ ಇಪ್ಪತ್ತನಾಲ್ಕು ವರ್ಷದ ಬದುಕಿನಲ್ಲಿ ತಾನಾಗಿ ಮಾಡಿದ ನಿರ್ಧಾರಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಎಣಿಸಿ ಮುಗಿದ ಮೇಲೂ ಆ ಕೈಯಲ್ಲಿ ಚಹಾದ ಕಪ್ಪು ಹಿಡಿಯುವಷ್ಟು ಬೆರಳು ಮಿಗುತ್ತಿದ್ದವು. ಶಾಲೆಯಲ್ಲಿ ರಸಾಯನಶಾಸ್ತ್ರ ಓದಿದ್ದು ಇತಿಹಾಸಕ್ಕೆ ಹೆಸರು ಕೊಡುವವರ ಸಾಲು ಉದ್ದವಿತ್ತು ಎಂಬ ಕಾರಣಕ್ಕೆ. ಈಲಿ ಊರಿನ ಸಾಕುಪ್ರಾಣಿಗಳ ಅಂಗಡಿಗೆ ಹೋದದ್ದು ಅತ್ತೆಯ ಮೊಲಕ್ಕೆ ಮೇವು ತರಲು. ಕೆಲಸ ಕೇಳಿಕೊಂಡು ಬಂದ ಹುಡುಗ ಇವನೇ ಎಂದು ತಿಳಿದ ಮಾಲೀಕರು ಏಪ್ರನ್ ಕೊಟ್ಟರು. ಇಲ್ಲ ಎನ್ನಲು ನಾಚಿಕೆಯಾಗಿ ಬಾರ್ನಿ ಅದನ್ನು ಕಟ್ಟಿಕೊಂಡ, ಮೂರು ವರ್ಷ ಬಿಚ್ಚಲಿಲ್ಲ. ಒಂದು ದಿನ ನೀರಿನ ಪಂಪು ಕೊಳ್ಳಲು ಬಂದ ಹೆಂಗಸೊಬ್ಬರು ಅವನು ಮೀನು ಹಿಡಿಯುವ ರೀತಿ ನೋಡಿ, "ಕಪ್ಪೆ ಹಿಡೀತೀಯಾ?" ಎಂದು ಕೇಳಿದರು. ಹಿಡಿಯುತ್ತೇನೆ ಎಂದ. ಹಾಗೆ ಕೇಂಬ್ರಿಜ್‌ನ ರೈಲು ಹಳಿಯ ಪಕ್ಕದ ಸಂಶೋಧನಾಲಯವೊಂದರ ಕಪ್ಪೆಮನೆಗೆ ಬಂದು ಸೇರಿದ.

ಆ ಹೆಂಗಸು ಗ್ಲೆನಿಸ್ ಹೌಸ್‌ಗೋ. ಅರವತ್ತೊಂದು ವರ್ಷ, ಅದರಲ್ಲಿ ಮೂವತ್ತಮೂರು ಕಪ್ಪೆಗಳಿಗೆ ಸಂದದ್ದು. ಸಾಸಿವೆ ಕಾಳಿಗಿಂತ ಚಿಕ್ಕದಾದ ಕಪ್ಪೆಯ ಮೊಟ್ಟೆಗೆ ಕೂದಲಿಗಿಂತ ತೆಳ್ಳಗಿನ ಗಾಜಿನ ಸೂಜಿ ಚುಚ್ಚುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ ಎಂಬುದು ಆ ಕಟ್ಟಡದಲ್ಲಿ ಚರ್ಚೆಗೆ ಬರದ ವಿಷಯ. ಬಾರ್ನಿಯ ಕೆಲಸ ಅಷ್ಟು ನಾಜೂಕಿನದಲ್ಲ. ನಾನೂರು ಕಪ್ಪೆಗಳ ತೊಟ್ಟಿ ಉಜ್ಜುವುದು, ಮೇವು ಹಾಕುವುದು, ಮೊಟ್ಟೆ ಬೇಕಾದ ಹಿಂದಿನ ದಿನ ಹೆಣ್ಣುಗಳಿಗೆ ಹಾರ್ಮೋನು ಕೊಡುವುದು. ಬಿಡುವಿದ್ದಾಗ ಮಿಕ್ಕ ಮೊಟ್ಟೆಗಳ ಮೇಲೆ ಗ್ಲೆನಿಸ್ ಅವನಿಗೂ ಸೂಜಿ ಹಿಡಿಯಲು ಕಲಿಸುತ್ತಿದ್ದರು. ಸಂಜೆ ಬಸ್ಸು ತುಂಬಿದ್ದರೂ ತೊಟ್ಟಿಯ ವಾಸನೆಗೆ ಅವನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಕಾಲು ಚಾಚಲು ಅನುಕೂಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

"ನೀನು ಥೇಟ್ ಮೊಟ್ಟೆಯ ನೆತ್ತಿ ಮೇಲಿನ ಕೋಶ ಕಣೋ," ಎಂದಿದ್ದರು ಗ್ಲೆನಿಸ್ ಒಮ್ಮೆ, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ. "ಅದನ್ನ ಕತ್ತರಿಸಿ ಬೇರೆ ತಟ್ಟೇಲಿ ಇಟ್ರೆ, ಯಾರೂ ಏನೂ ಹೇಳ್ದೆ ಇದ್ರೆ, ಸುಮ್ನೆ ಚರ್ಮ ಆಗಿ ಕೂತ್ಕೊಳ್ಳುತ್ತೆ."

"ಹೇಳಿದ್ರೆ?"

"ಹೇಳೋದು ಹೇಳಿದ್ರೆ ಗುಂಡಿಗೆ ಆಗಿ ಮಿಡಿಯುತ್ತೆ. ಎಲ್ಲ ಕೋಶದ ಹೊಟ್ಟೇಲೂ ಅದೇ ದಪ್ಪ ಅಡುಗೆ ಪುಸ್ತಕ ಇದೆ ಮರಿ. ಯಾವ ಪುಟ ತೆಗೀಬೇಕು, ಯಾವ ಪುಟ ಮುಚ್ಚಬೇಕು ಅಂತ ಹೇಳೋರು ಬೇಕು. ನಿನಗೂ ಅಷ್ಟೇ."

ಹೇಳುವವರು ಆ ಮಾರ್ಚಿನಲ್ಲಿ ಸಿಕ್ಕರು. ಮೊಟ್ಟೆ ಚುಚ್ಚುವ ಸೂಜಿ ಮೇಜಿನಲ್ಲಿ ಗ್ಲೆನಿಸ್ ಪಕ್ಕದ ಜಾಗ ಖಾಲಿಯಾಯಿತು. ಅಲ್ಲಿಯವರೆಗೆ ಮೊಟ್ಟೆಗಳನ್ನು ಕಾಡುತ್ತಿದ್ದ ಯುವ ವಿಜ್ಞಾನಿಯೊಬ್ಬಳು ಮದುವೆಯಾಗಿ ಸ್ಕಾಟ್ಲೆಂಡಿಗೆ ಹೊರಟಳು. ಪ್ರಯೋಗಾಲಯದ ಮುಖ್ಯಸ್ಥೆ ಹೆಸ್ಟರ್ ಕ್ವೇಲ್ ಕಪ್ಪೆಮನೆಯ ಬಾಗಿಲಲ್ಲಿ ನಿಂತು, "ಬಾರ್ನಿ, ಆ ಜಾಗ ನಿಂಗೆ ಬೇಕಾ?" ಎಂದರು.

ಬೇಕು ಎಂದು ಅವನ ಬಾಯಿಂದ ಬಂದ ದನಿಯ ಜೋರಿಗೆ ಅವನೇ ಬೆಚ್ಚಿದ. ಬದುಕಿನಲ್ಲಿ ಮೊದಲ ಬಾರಿಗೆ ಅವನಿಗೆ ಏನೋ ನಿಜವಾಗಿಯೂ ಬೇಕಾಗಿತ್ತು.

"ಹಾಗಾದ್ರೆ ಮಂಗಳವಾರ ನಲವತ್ತು ಮೊಟ್ಟೆ ಚುಚ್ಚು. ಗುರುವಾರ ನೋಡ್ತೀನಿ. ಅರ್ಧಕ್ಕಿಂತ ಜಾಸ್ತಿ ಮರಿಗೆ ಎರಡನೇ ತಲೆ ಬಂದ್ರೆ ಜಾಗ ನಿಂದು. ಇಲ್ಲಾಂದ್ರೆ ಪೇಪರ್‌ನಲ್ಲಿ ಜಾಹೀರಾತು ಕೊಡ್ತೀನಿ. ಹೋಲಿಸಿ ನೋಡೋಕೆ ಗ್ಲೆನಿಸ್ ಕೂಡ ನಲವತ್ತು ಚುಚ್ಚಲಿ."

ಪರೀಕ್ಷೆ ಹೀಗಿತ್ತು. ಗರ್ಭಕಟ್ಟಿದ ಮೊಟ್ಟೆ ಮೊದಲು ಎರಡಾಗಿ, ಆಮೇಲೆ ನಾಲ್ಕು ಕೋಶವಾಗಿ ಒಡೆಯುತ್ತದೆ. ನಾಲ್ಕರಲ್ಲಿ ತುಸು ಬೆಳ್ಳಗಿರುವ ಎರಡು ಮುಂದೆ ಬೆನ್ನಿನ ಕಡೆಯವು, ಕಪ್ಪಗಿನ ಎರಡು ಹೊಟ್ಟೆಯ ಕಡೆಯವು. ತಲೆ ಹುಟ್ಟಿಸುವ ಜೀನುಗಳು ಬೆನ್ನಿನ ಕಡೆ ಮಾತ್ರ ಎಚ್ಚರಗೊಳ್ಳುತ್ತವೆ. ಹೊಟ್ಟೆಯ ಕಡೆ ಅವೇ ಜೀನುಗಳು ಗಾಢ ನಿದ್ರೆಯಲ್ಲಿರುತ್ತವೆ. ಸರಿಯಾದ ಆರ್‌ಎನ್‌ಎಯ ಒಂದು ಹನಿಯನ್ನು ಹೊಟ್ಟೆ ಕಡೆಯ ಕೋಶಕ್ಕೆ ಚುಚ್ಚಿದರೆ, ಅದು ಎಬ್ಬಿಸುವ ಚೀಟಿಯಂತೆ ಕೆಲಸ ಮಾಡಿ, ಹೊಟ್ಟೆಯಾಗಬೇಕಿದ್ದ ಜಾಗದಲ್ಲಿ ಇನ್ನೊಂದು ಬೆನ್ನು, ಇನ್ನೊಂದು ತಲೆ ಏಳುತ್ತದೆ. ಚೀಟಿ ಬೆನ್ನಿನ ಕಡೆಗೇ ಹೋದರೆ? ಆಗಲೇ ಎದ್ದವರನ್ನು ಎಬ್ಬಿಸಿದಂತೆ. ಏನೂ ಆಗುವುದಿಲ್ಲ.

ಮಂಗಳವಾರ ಬೆಳಿಗ್ಗೆ ಬಾರ್ನಿ ತಾನೇ ಕಪ್ಪೆಯ ಸೊಂಟ ಒತ್ತಿ ಮೊಟ್ಟೆ ಇಳಿಸಿದ, ಗಂಡು ಕಪ್ಪೆಯ ವೀರ್ಯ ಬೆರೆಸಿದ, ಮೇಲಿನ ಲೋಳೆ ತೊಳೆದ. ಎರಡು ಗಾಜಿನ ತಟ್ಟೆ ಸಜ್ಜು ಮಾಡಿ ಒಂದಕ್ಕೆ ಗ್ಲೆನಿಸ್ ಎಂದೂ ಇನ್ನೊಂದಕ್ಕೆ ತನ್ನ ಹೆಸರನ್ನೂ ಬರೆದ. ಬರೆದದ್ದು ಮುಚ್ಚಳದ ಮೇಲೆ. ತಟ್ಟೆಯ ತಳಕ್ಕೇ ಬರೆಯಬೇಕು, ಮುಚ್ಚಳಕ್ಕೆ ಕಾಲು ಬರುತ್ತದೆ ಎಂದು ಗ್ಲೆನಿಸ್ ಅವನಿಗೆ ನೂರು ಸಲ ಹೇಳಿದ್ದರು. ಆದರೆ ಅಂದು ಅವನಿಗೆ ಅವಸರ, ಮುಚ್ಚಳ ಅಗಲವಾಗಿತ್ತು.

ಪಕ್ಕಪಕ್ಕದಲ್ಲಿ ಕೂತು ಇಬ್ಬರೂ ಚುಚ್ಚಿದರು.

"ಉಸಿರು ಬಿಡೋ. ನೀನು ಉಸಿರು ಕಟ್ಟಿದ್ರೆ ಮೊಟ್ಟೆಗೇನೂ ಲಾಭ ಇಲ್ಲ."

"ಕಪ್ಪು ಕಡೆ ತಾನೇ, ಗ್ಲೆನಿಸ್?"

"ಕಪ್ಪು ಕಡೆ. ಇದು ಹನ್ನೊಂದನೇ ಸಲ ಕೇಳ್ತಿರೋದು. ನಿಮ್ಮಮ್ಮನ ಹೆಸರಾದ್ರೂ ಜ್ಞಾಪಕ ಇದೆಯಾ?"

ನಲವತ್ತನೆಯದು ಮುಗಿದಾಗ ಬಾರ್ನಿಯ ಅಂಗಿ ಬೆನ್ನಿಗೆ ಅಂಟಿತ್ತು. ಗ್ಲೆನಿಸ್ ಎರಡೆರಡು ಸಲ ಕನ್ನಡಕ ತೆಗೆದು ಒರೆಸಿದ್ದನ್ನು ಅವನು ನೋಡಿದ, ಏನೂ ಅಂದುಕೊಳ್ಳಲಿಲ್ಲ. ಮುಗಿದ ತಟ್ಟೆಯನ್ನು ತಂಪು ಕಪಾಟಿನಲ್ಲಿಡಬೇಕು. ತಂಪಿನಲ್ಲಿ ಭ್ರೂಣ ನಿಧಾನವಾಗಿ ಬೆಳೆಯುತ್ತದೆ. ವಿಜ್ಞಾನಿಗಳಿಗೆ ಊಟ ನಿದ್ರೆ ಸಿಗುವುದು ಆ ಕಪಾಟಿನ ದಯೆಯಿಂದ. ಗ್ಲೆನಿಸ್ ತಮ್ಮದನ್ನು ಒಳಗಿಟ್ಟರು. ಬಾರ್ನಿ ತನ್ನದನ್ನು ಕೈಗೆತ್ತಿಕೊಂಡ ಹೊತ್ತಿಗೇ ಹನ್ನೆರಡನೇ ತೊಟ್ಟಿ ಉಕ್ಕಿತೆಂದು ಕೂಗು ಬಂತು. ತಟ್ಟೆ ಮೇಜಿನ ಮೇಲಿಟ್ಟು ಓಡಿದ. ಮತ್ತೆ ಅದರ ನೆನಪಾದದ್ದು ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ, ಎದುರಿನ ಅಜ್ಜಿ ಕೇಕಿನ ಡಬ್ಬಿಯ ಮುಚ್ಚಳ ತೆಗೆದಾಗ.

ಓಡೋಡಿ ಬಂದು ನೋಡಿದರೆ ತಟ್ಟೆ ಮೇಜಿನ ಮೇಲೇ ಬೆಚ್ಚಗೆ ಕೂತಿತ್ತು. ಯಾರೂ ಬಂದಿರಲಿಲ್ಲ. ಗ್ಲೆನಿಸ್ ತಟ್ಟೆಯನ್ನೂ ಕಪಾಟಿನಿಂದ ತೆಗೆದು, ಸತ್ತವನ್ನು ಆರಿಸಿ, ಎರಡಕ್ಕೂ ನೀರು ಬದಲಿಸಿದ. ಬಾಗಿಲಿನ ಆಚೆ ಹೆಜ್ಜೆ ಸಪ್ಪಳವಾಯಿತು. ಎರಡಕ್ಕೂ ಮುಚ್ಚಳ ಮುಚ್ಚಿ ಕಪಾಟಿನೊಳಗೆ ತಳ್ಳಿದ. ಏನೂ ಆಗದವನ ಮುಖ ಮಾಡಿ ಶಿಳ್ಳೆ ಹಾಕಿದ. ಅವನಿಗೆ ಶಿಳ್ಳೆ ಹಾಕಲು ಬರುವುದಿಲ್ಲ.

ಗುರುವಾರ ಮೂರು ಗಂಟೆಗೆ ಹೆಸ್ಟರ್ ಬಂದರು. ಮೊದಲು ಗ್ಲೆನಿಸ್ ಹೆಸರಿನ ತಟ್ಟೆ. ಹೆಸ್ಟರ್ ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲಿಲ್ಲ. ಉಳಿದ ಮೂವತ್ತಾರರಲ್ಲಿ ಇಪ್ಪತ್ತೊಂಬತ್ತಕ್ಕೆ ಎರಡು ತಲೆ. ಪುಟ್ಟ ಬಾಲ ಚಿಗುರಿ, ಮೆಲ್ಲಗೆ ಸೆಟೆದು ಹೊರಳುತ್ತಿದ್ದವು.

"ಗ್ಲೆನಿಸ್, ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸ್ಬೇಕು."

ಆಮೇಲೆ ಬಾರ್ನಿ ಹೆಸರಿನದು. ಮೂವತ್ತೆಂಟರಲ್ಲಿ ಹನ್ನೊಂದು. ಉಳಿದವು ಯಾವ ಹಂಗೂ ಇಲ್ಲದೆ ಒಂದೇ ತಲೆಯಲ್ಲಿ ಸುಖವಾಗಿದ್ದವು.

ಹೆಸ್ಟರ್ ಅವನ ಹೆಗಲು ತಟ್ಟಿದರು. ಆ ತಟ್ಟುವಿಕೆ ಸಂತಾಪ ಸೂಚಿಸುವವರದ್ದು. ಬಾರ್ನಿ ತಲೆ ತಗ್ಗಿಸಿ ಸರದಿಯಂತೆ ಎರಡೂ ತಟ್ಟೆ ನೋಡಿದ. ಗ್ಲೆನಿಸ್ ಹೆಸರಿನ ಮರಿಗಳಿಗೆ ಬಾಲವಿದೆ, ಹೊರಳುತ್ತಿವೆ. ತನ್ನ ಹೆಸರಿನವಕ್ಕೆ ಬಾಲವಿನ್ನೂ ಇಲ್ಲ, ಬೆನ್ನಿನ ಸೀಳೇ ಈಗ ತಾನೇ ಕೂಡಿಕೊಂಡಿದೆ. ಹಗಲು ರಾತ್ರಿ ಬೆಚ್ಚಗೆ ಹೊರಗಿದ್ದದ್ದು ಯಾರ ತಟ್ಟೆ? ಬೇಗ ಬೆಳೆದಿರಬೇಕಾದದ್ದು ಯಾರ ಮರಿಗಳು?

ಮುಚ್ಚಳ ಅದಲು ಬದಲಾಗಿತ್ತು. ಆ ಇಪ್ಪತ್ತೊಂಬತ್ತು ಅವನವು.

ಹೇಳಬೇಕಾದದ್ದು ಮೂರು ಸಂಗತಿ. ತಟ್ಟೆ ಹೊರಗೆ ಬಿಟ್ಟೆ, ಹೆಸರನ್ನು ಮುಚ್ಚಳಕ್ಕೆ ಬರೆದೆ, ಇವೆರಡು ಹೇಗೋ ಗಂಟಲಿನವರೆಗೆ ಬಂದವು. ಮೂರನೆಯದು ಬರಲಿಲ್ಲ: ಆ ಹನ್ನೊಂದು ಗ್ಲೆನಿಸ್ ಅವರವು. ಮೂವತ್ತಮೂರು ವರ್ಷ ತಪ್ಪದ ಕೈಯನ್ನು ತಪ್ಪಿತು ಎನ್ನಲು, ತನ್ನ ಕೈಗೆ ಸೂಜಿ ಹಿಡಿಸಿದ ಆ ಹೆಂಗಸಿನೆದುರೇ, ತೊಟ್ಟಿ ಉಜ್ಜುವ ತಾನು ಯಾರು? ತಾನು ತ್ಯಾಗ ಮಾಡುತ್ತಿದ್ದೇನೆ ಎಂದುಕೊಂಡ. ಒಂದು ಕ್ಷಣ ತನ್ನ ಮೇಲೆ ತನಗೇ ಗೌರವ ಬಂತು. ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ತ್ಯಾಗ ಕಾಲು ಪಾಲು, ಉಳಿದದ್ದು ಹೆದರಿಕೆ.

"ಆದ್ರೆ ಇದೇನಿದು?" ಹೆಸ್ಟರ್ ಮತ್ತೆ ಬಗ್ಗಿದರು. "ಒಂದೇ ತಾಯಿ, ಒಂದೇ ಗಳಿಗೆ ಮೊಟ್ಟೆ. ನಿಮ್ಮವು ಬಾರ್ನಿಯವಕ್ಕೆ ಅಣ್ಣಂದಿರ ಹಾಗೆ ಇವೆಯಲ್ಲ, ಗ್ಲೆನಿಸ್?"

"ಪಕ್ಕಕ್ಕೆ ಸರೀರಿ, ನಾನೂ ನೋಡ್ತೀನಿ." ಗ್ಲೆನಿಸ್ ಕನ್ನಡಕ ಹಣೆಗೇರಿಸಿ ಕೂತರು. ಒಂದು ತಟ್ಟೆ ನೋಡಿದರು. ಇನ್ನೊಂದು ನೋಡಿದರು. ಆಮೇಲೆ ಎರಡನ್ನೂ ಬಿಟ್ಟು ಬಾರ್ನಿಯ ಕಿವಿ ನೋಡಿದರು. ಕಿವಿ ಬೀಟ್‌ರೂಟಿನಂತೆ ಕೆಂಪಾಗಿತ್ತು.

"ಮಂಗಳವಾರ ತಟ್ಟೆ ಎಲ್ಲಿಟ್ಟೆ?"

"ಕಪಾಟ್ನಲ್ಲಿ."

"ಬಾರ್ನಿ."

"...ಮೇಜಿನ ಮೇಲೆ. ಬುಧವಾರ ಬೆಳಿಗ್ಗೆ ತನಕ."

"ಹೆಸರು ಎಲ್ಲಿ ಬರ್ದೆ?"

ಗ್ಲೆನಿಸ್ ತಟ್ಟೆ ಎತ್ತಿ ತಳ ನೋಡಿದರು. ತಳ ಖಾಲಿ.

"ಕೇಳಿ ಹೆಸ್ಟರ್," ಎಂದರು ತಟ್ಟೆ ಕೆಳಗಿಟ್ಟು, "ಈ ಗೂಬೆ ತನ್ನ ತಟ್ಟೇನ ಒಂದಿಡೀ ದಿನ ಬೆಚ್ಚಗೆ ಬಿಟ್ಟಿದಾನೆ, ಮುಚ್ಚಳಾನೂ ಅದಲು ಬದಲು ಮಾಡಿದಾನೆ. ಬಾಲ ಇರೋವು ಇವನವು. ಹನ್ನೊಂದು ನಂದು."

ರೈಲೊಂದು ಕಿಟಕಿ ಅಲುಗಿಸಿ ಹೋಯಿತು.

"ಹಾಗಿರಲಾರದು," ಎಂದ ಬಾರ್ನಿ, ಜೋರಾಗಿ. "ಗ್ಲೆನಿಸ್, ನಿಮ್ಮ ಕೈ..."

"ಕೈಗೇನಾಗಿದೆ, ಕಲ್ಲಿನ ಹಾಗಿದೆ. ಕಣ್ಣು ಹೋಗಿದೆ ಕಣೋ. ಕಪ್ಪು ಕಡೆ ಯಾವ್ದು, ಬಿಳಿ ಕಡೆ ಯಾವ್ದು ಅಂತ ಹತ್ತು ದೀಪ ಇಟ್ರೂ ಗೊತ್ತಾಗಲ್ಲ ನಂಗೆ. ಹೋದ ಬೇಸಿಗೆಯಿಂದ ಅಂದಾಜಿನ ಮೇಲೆ ಚುಚ್ತಿದೀನಿ." ಗ್ಲೆನಿಸ್ ಹೆಸ್ಟರ್ ಕಡೆ ತಿರುಗಿದರು. "ಹೇಳ್ಬೇಕು ಅಂತ ತಿಂಗಳಿಂದ ಅಂದ್ಕೊಂಡಿದ್ದೆ. ಇವನ ಪರೀಕ್ಷೆ ಅಂದ್ರಲ್ಲ, ಒಳ್ಳೇದೇ ಆಯ್ತು, ನಂದೂ ಆಗ್ಲಿ ಅಂತ ಕೂತೆ. ನಪಾಸು."

ಬಾರ್ನಿಗೆ ಆಗ ಹೊಳೆಯಿತು: ತಾನು ಮುಚ್ಚಿಡಲು ಹೊರಟ ಸತ್ಯವನ್ನು ಆಕೆ ಆಗಲೇ ಬಿಚ್ಚಿಡಲು ತಯಾರಾಗಿದ್ದರು, ತನ್ನ ಮೌನ ಇನ್ನೊಂದು ವರ್ಷ ಆಕೆಯನ್ನು ಅಂದಾಜಿನ ಮೇಲೆ ಚುಚ್ಚಲು ಬಿಡುತ್ತಿತ್ತು.

"ಗೊತ್ತಾಗಿತ್ತು ನಂಗೆ," ಎಂದ ಮೆಲ್ಲಗೆ. "ನೀವು ನೋಡೋ ಮುಂಚೇನೇ. ಸುಮ್ಮನಿದ್ದೆ."

"ಯಾಕೋ?"

"ನಿಮಗೆ ಬೇಜಾರಾಗುತ್ತೆ ಅಂತ. ಅದಕ್ಕಿಂತ ಜಾಸ್ತಿ, ಬೈತೀರಾ ಅಂತ."

"ಬೈತೀನಿ. ಮೇಜಿನ ಮೇಲೆ ತಟ್ಟೆ ಬಿಟ್ಟಿದ್ದಕ್ಕೆ ಬೈತೀನಿ, ಮುಚ್ಚಳಕ್ಕೆ ಬರೆದಿದ್ದಕ್ಕೆ ಬೈತೀನಿ. ಸುಮ್ಮನಿದ್ದಿದ್ದಕ್ಕೆ ಬೇರೆ ದಿನ ಗೊತ್ತು ಮಾಡ್ಕೊಂಡು ಬೈತೀನಿ, ಒಂದೇ ದಿನದಲ್ಲಿ ಮುಗಿಯಲ್ಲ."

ಹೆಸ್ಟರ್ ಇಬ್ಬರನ್ನೂ ನೋಡಿ ಮೂಗು ಒತ್ತಿಕೊಂಡರು. ನಗು ತಡೆಯುವಾಗ ಆಕೆ ಮಾಡುತ್ತಿದ್ದದ್ದು ಅದನ್ನೇ. "ಮೂವತ್ತಾರಕ್ಕೆ ಇಪ್ಪತ್ತೊಂಬತ್ತು. ಮೊದಲ ಸಲಕ್ಕೆ ನನಗೂ ಇಷ್ಟು ಬಂದಿರ್ಲಿಲ್ಲ. ಸೋಮವಾರದಿಂದ ಸೂಜಿ ಮೇಜಿಗೆ ಬಾ. ಗ್ಲೆನಿಸ್, ನೀವು ಹೇಳಿ, ಅವನು ನೋಡ್ತಾನೆ. ಕಣ್ಣಿನ ಡಾಕ್ಟರ ಹತ್ರ ನಾಳೇನೇ ಹೋಗ್ಬೇಕು. ಪೊರೆ ಆಗಿದ್ರೆ ತೆಗೀತಾರೆ."

"ತೆಗೆದ್ರೆ ನನ್ನ ಕುರ್ಚಿ ನಂಗೆ ವಾಪಸ್ಸು," ಎಂದರು ಗ್ಲೆನಿಸ್.

"ಆಯ್ತು. ಎರಡು ಕುರ್ಚಿ ಇವೆ."

ಬಾಗಿಲವರೆಗೆ ಹೋದ ಹೆಸ್ಟರ್ ತಿರುಗಿ ನಿಂತರು. "ಇನ್ನೊಂದು ಮಾತು ಬಾರ್ನಿ. ಕಪ್ಪೆಮನೆಗೆ ಬದಲಿ ಜನ ಸಿಗೋಕೆ ಆರು ತಿಂಗಳಾದ್ರೂ ಬೇಕು. ಅಲ್ಲಿವರೆಗೆ ಬೆಳಿಗ್ಗೆ ತೊಟ್ಟಿ, ಮಧ್ಯಾಹ್ನ ಸೂಜಿ."

"ಸರಿ," ಎಂದ ಬಾರ್ನಿ. ಆಮೇಲೆ ಜೀವಮಾನದಲ್ಲಿ ಎರಡನೇ ಸಲ ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಹೇಳಿದ. "ನಾಲ್ಕು ತಿಂಗಳು."

ಹೆಸ್ಟರ್ ಹುಬ್ಬೇರಿಸಿದರು. "ಐದು."

ಐದಕ್ಕೆ ಇತ್ಯರ್ಥವಾಯಿತು. ಗ್ಲೆನಿಸ್ ತಮ್ಮ ಕುರ್ಚಿಯ ಎತ್ತರ ಇಳಿಸಿ, ಪಕ್ಕದ್ದನ್ನು ಅವನ ಮೊಣಕಾಲಿಗೆ ತಕ್ಕಂತೆ ಏರಿಸಿ, "ಕೂತ್ಕೊ ನೋಡೋಣ," ಎಂದರು. ಅವನು ಕೂತ.